ಬಟ್ಟೆ ಒಣಗಿಸುವ ಯಂತ್ರಕ್ಕೆ ಕನ್ನಡ ಬಾರದೇ?



ಈ ಸಲ ಗಡಿ ವಿವಾದದ ಬಗ್ಗೆ ಬರೆಯುತ್ತಿಲ್ಲ. ನದಿ ನೀರಿನ ಬಗ್ಗೆಯೂ ಅಲ್ಲ. ಜಾವಗಲ್ಲಿನ ನಮ್ಮ ಮನೆಯ ಬಚ್ಚಲ ಪಕ್ಕದ ಕೋಣೆಯಲ್ಲಿ ನಿಂತಿರುವ ಒಂದು ಬಟ್ಟೆ ಒಣಗಿಸುವ ಯಂತ್ರದ ಬಗ್ಗೆ ಬರೆಯುತ್ತಿದ್ದೇನೆ. "ಇವನಿಗೇನು ತಲೆ ಕೆಟ್ಟಿತೇ?" ಎಂದು ನಗಬೇಡಿ. ಪೂರ್ತಿ ಓದಿ. ಆಮೇಲೂ ನಗು ಬಂದರೆ ಧಾರಾಳವಾಗಿ ನಕ್ಕುಬಿಡಿ.

ನಮ್ಮೂರು ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇರುವ ಊರು. ವೇಗದ ಬೌಲರ್ ಶ್ರೀನಾಥ್ ಹೆಸರಿನ ಹಿಂದೆ ಅಂಟಿಕೊಂಡು ಪ್ರಪಂಚ ಸುತ್ತಿದ ಊರು. ತೆಂಗಿನ ಸೀಮೆ. ಬಿಸಿಲಿಗೆ ಬರವಿಲ್ಲ. ವರ್ಷದ ಹೆಚ್ಚು ದಿನ ಅಂಗಳದ ತಂತಿಯ ಮೇಲೆ ಬೆಳಿಗ್ಗೆ ಹರವಿದ ಬಟ್ಟೆ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ. ಇಂಥ ಊರಿನವನಿಗೆ ಕರೆಂಟು ತಿನ್ನುವ ಯಂತ್ರವೇಕೆ?

ಕಾರಣ ಇದೆ. ಕಳೆದ ಆಷಾಢದಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಹಿಡಿದ ಸೋನೆ ವಾರಗಟ್ಟಲೆ ಬಿಡಲಿಲ್ಲ. ಎಳೆಮಗುವಿನ ಲಂಗೋಟಿ, ಕುಲಾವಿ, ಸುತ್ತುವ ಹಳೇ ಸೀರೆ, ಬಾಣಂತಿಯ ಬಟ್ಟೆ ಎಲ್ಲ ಸೇರಿ ದಿನಕ್ಕೆ ಎರಡು ಬಕೆಟ್ಟು. ಪಡಸಾಲೆಯಲ್ಲಿ ಹಗ್ಗ, ನಡುಮನೆಯಲ್ಲಿ ಹಗ್ಗ, ದೇವರ ಮನೆಯ ಬಾಗಿಲಿಗೂ ಹಗ್ಗ! ಆದರೂ ಮುಗ್ಗಲು ವಾಸನೆ ಹೋಗದು. ಬೆಂಗಳೂರಿನ ಮಗ ನೋಡಲಾರದೆ ಒಂದು ಡ್ರೈಯರ್ ಕೊಂಡು ಕಳಿಸಿದ. ಕಂಪನಿಯ ಹೆಸರು ಬೇಡ. ಯಾರ ಹೆಸರು ಹಾಕಿದರೂ ಕಥೆ ಹೆಚ್ಚು ಬದಲಾಗುವುದಿಲ್ಲ.

ಯಂತ್ರ ಬಂತು. ನಮ್ಮ ಮನೆಯವರು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಬಟ್ಟೆ ತುಂಬಿದರು. ಒಂದು ಗಂಟೆ ತಿರುಗಿ ನಿಂತಿತು. ಬಾಗಿಲು ತೆಗೆದರೆ ಬಟ್ಟೆ ಬೆಚ್ಚಗಿದೆ, ಆದರೆ ಹಸಿ. ಇನ್ನೊಂದು ಸಲ ಹಾಕಿದರು. ಮತ್ತೆ ಹಸಿ. ಮೂರನೇ ಸಲ ಅರ್ಧಕ್ಕೇ ನಿಲ್ಲಿಸಿ, "ಇದಕ್ಕಿಂತ ನಮ್ಮ ಬಚ್ಚಲ ಒಲೆಯೇ ವಾಸಿ ಕಣ್ರೀ" ಎಂದು ಬೈದುಕೊಂಡು ಬಟ್ಟೆಯನ್ನು ಅದರೊಳಗೇ ಬಿಟ್ಟು ಹೋದರು. ಹೀಗೆ ಒಂದು ವಾರ ನಡೆಯಿತು.

ಐರನ್ ಎಂದರೆ ಏನು?

ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಇತ್ತು. ಇಂಗ್ಲಿಷ್ ಇತ್ತು, ಹಿಂದಿ ಇತ್ತು. ಕನ್ನಡದ ಒಂದಕ್ಷರ? ಇಲ್ಲ! ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಎಂದು ಒಂದು ದನಿ ಹೇಳಿತು. ಕನ್ನಡಕ್ಕೆ ಏನು ಒತ್ತಬೇಕು? ನಮ್ಮ ಎದೆಯನ್ನೇ ಒತ್ತಿಕೊಳ್ಳಬೇಕು! ಬೇರೆ ಕೆಲವು ಕಂಪನಿಗಳಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಅವರಿಗೆ ನಮಸ್ಕಾರ. ನಮಗೆ ಸಿಗಲಿಲ್ಲ.

ನಾಲ್ಕು ದಿನ ಬಿಟ್ಟು ಒಬ್ಬ ಹುಡುಗ ಬಂದ. ನಮ್ಮ ಜಿಲ್ಲೆಯವನೇ, ಕನ್ನಡದ ಹುಡುಗ. ಯಂತ್ರದ ಗುಂಡಿಯತ್ತ ನೋಡಿದವನೇ ನಕ್ಕ.

"ಅಮ್ಮಾ, ಇದನ್ನ ಐರನ್ ಡ್ರೈಗೆ ಯಾಕೆ ಇಟ್ಟಿದೀರಾ?"

"ಐರನ್ ಅಂದ್ರೆ ಇಸ್ತ್ರಿ ಅಲ್ವೇನಪ್ಪಾ? ಇಸ್ತ್ರಿ ಹಾಕಿದಂಗೆ ಗರಿಗರಿಯಾಗಿ ಒಣಗ್ತದೆ ಅಂತ ಅಲ್ಲಿಗಿಟ್ಟೆ."

"ಇಲ್ಲಾಮ್ಮ. ಇಸ್ತ್ರಿ ಮಾಡೋಕೆ ಸುಲಭ ಆಗ್ಲಿ ಅಂತ ಸ್ವಲ್ಪ ಹಸಿ ಉಳಿಸೋ ಜಾಗ ಇದು. ಪೂರ್ತಿ ಒಣಗಬೇಕು ಅಂದ್ರೆ ಕಬರ್ಡ್ ಡ್ರೈಗೆ ಇಡಬೇಕು."

ನೋಡಿದಿರಾ? ನಮ್ಮ ಮನೆಯವರು ಏಳನೇ ತರಗತಿ ಓದಿದವರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದರು, ಅರ್ಥವನ್ನೂ ಸರಿಯಾಗೇ ಮಾಡಿದರು. ಐರನ್ ಎಂದರೆ ಇಸ್ತ್ರಿಯೇ. ಆದರೆ ಕಂಪನಿಯವನು ಆ ಎರಡು ಪದದೊಳಗೆ ಬಚ್ಚಿಟ್ಟ ಅರ್ಥ ಬೇರೆ. "ಇಸ್ತ್ರಿಗೆ ಹಸಿ" ಎಂದು ಕನ್ನಡದಲ್ಲಿ ಬರೆದಿದ್ದರೆ? ಒಂದು ವಾರದ ಕರೆಂಟು, ಒಂದು ವಾರದ ಬೈಗುಳ, ಹುಡುಗನ ಭೇಟಿಗೆ ಕೊಟ್ಟ ಐನೂರು ಚಿಲ್ಲರೆ ರೂಪಾಯಿ ಎಲ್ಲ ಉಳಿಯುತ್ತಿತ್ತು. ಇದು ನಮ್ಮವರ ದಡ್ಡತನವೇ? ಅಥವಾ ಮಾರುವವನ ಉಡಾಫೆಯೇ? ನೀವೇ ಹೇಳಿ.

ಹುಡುಗ ಅಷ್ಟಕ್ಕೇ ನಿಲ್ಲಲಿಲ್ಲ. ಬಾಗಿಲ ಅಂಚಿನಿಂದ ಒಂದು ಜಾಲರಿ ಎಳೆದು ತೆಗೆದ. ಅದರ ಮೇಲೆ ಕಂಬಳಿಯ ಹಾಗೆ ಒತ್ತಾಗಿ ಜುಂಗು ಕೂತಿತ್ತು. ಅಂಥ ಜಾಲರಿ ಒಂದಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ! ಯಂತ್ರದ ಹಿಂದೆ ಇಣುಕಿದರೆ ಹಬೆ ಹೋಗುವ ಕೊಳವೆ ಗೋಡೆಗೂ ಯಂತ್ರಕ್ಕೂ ನಡುವೆ ಸಿಕ್ಕಿ ಹಪ್ಪಳವಾಗಿತ್ತು. "ಪುಸ್ತಕ ನೋಡಲಿಲ್ವಾ ಸಾರ್?" ಎಂದ. "ನೋಡಿದೆ ಕಣಪ್ಪಾ, ಓದೋಕಾಗಲಿಲ್ಲ" ಎಂದೆ. "ನಮಗೆ ತರಬೇತಿ ಕೊಟ್ಟಿದ್ದೂ ಅದೇ ಭಾಷೇಲಿ ಸಾರ್. ಅರ್ಧ ಅರ್ಥ ಆಯ್ತು, ಇನ್ನರ್ಧ ಕೈಯಾರೆ ಕಲಿತೆ" ಎಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನಮ್ಮ ಹಾಗೆಯೇ.

ತೆಂಗು ಒಣಗಿಸುವವರಿಗೆ ಡ್ರೈಯರ್ ಅರ್ಥವಾಗದೇ?

ಬಂಧುಗಳೇ, ಒಣಗಿಸುವ ವಿದ್ಯೆ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆ? ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತೇವೆ. ಅಟ್ಟದ ಹಲಗೆಗಳ ನಡುವೆ ಸಂದು ಬಿಡುತ್ತೇವೆ. ಯಾಕೆ? ಕೆಳಗಿನಿಂದ ಗಾಳಿ ಆಡಲಿ ಎಂದು. ಕಾಯಿ ಒತ್ತೊತ್ತಾಗಿ ತುಂಬಿ ಗಾಳಿ ಕಟ್ಟಿದರೆ ಏನಾಗುತ್ತದೆ ಎಂದು ನಮ್ಮ ಅಜ್ಜಿಯರನ್ನು ಕೇಳಿ. ಡ್ರೈಯರ್ ಇದಕ್ಕಿಂತ ಬೇರೆಯೇನಲ್ಲ. ಅದಕ್ಕೆ ಬೇಕಾದ್ದು ಮೂರೇ: ಬಿಸಿ, ಗಾಳಿ, ಜಾಗ. ಈ ಮೂರರಲ್ಲಿ ಒಂದು ಕಡಿಮೆಯಾದರೂ ಬಟ್ಟೆ ತಡವಾಗಿ ಒಣಗುತ್ತದೆ. ಇಷ್ಟನ್ನು ಕನ್ನಡದಲ್ಲಿ ಹೇಳಲು ಬಾರದೇ? ನಾನೇ ಹೇಳುತ್ತೇನೆ, ಕೇಳಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಡ್ರೈಯರ್ ಎಂದರೆ ಹೆಚ್ಚಿನವರಿಗೆ ಎರಡು ತೊಟ್ಟಿಯ ವಾಷಿಂಗ್ ಮೆಷಿನ್ನಿನ ಚಿಕ್ಕ ತೊಟ್ಟಿ. ಅದರಲ್ಲಿ ಬಿಸಿ ಇಲ್ಲ. ಅದು ರಭಸವಾಗಿ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೆ. ಅದರಿಂದ ತೆಗೆದ ಬಟ್ಟೆಯನ್ನು ಹರವಲೇಬೇಕು. "ಡ್ರೈಯರ್ ಅಂತ ಹೇಳಿ ಮಾರಿದರು, ಒಣಗುವುದೇ ಇಲ್ಲ" ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋದವರನ್ನು ಬಲ್ಲೆ. ತಪ್ಪು ಆ ಹೆಸರಿನದು! "ಹಿಂಡುವ ತೊಟ್ಟಿ" ಎಂದು ಬರೆದಿದ್ದರೆ ಜಗಳವೇ ಇರುತ್ತಿರಲಿಲ್ಲ.

ಆ ತೊಟ್ಟಿ ಸರಿಯಾಗಿ ಹಿಂಡದಿದ್ದರೆ ಮೊದಲು ನೋಡಬೇಕಾದ್ದು ಬಟ್ಟೆ ಒಂದೇ ಮಗ್ಗುಲಿಗೆ ಬಿದ್ದಿದೆಯೇ ಎಂದು. ಸುತ್ತಲೂ ಸಮವಾಗಿ ಒತ್ತಿ, ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ. ನೀರು ಹೋಗುವ ಪೈಪು ಮಡಿಸಿಕೊಂಡಿದೆಯೇ, ಅದರ ತುದಿ ಮೇಲಕ್ಕೆ ಎತ್ತಿಕೊಂಡಿದೆಯೇ ನೋಡಿ. ಹೊರಗಿನ ಮುಚ್ಚಳ ಪೂರ್ತಿ ಮುಚ್ಚದಿದ್ದರೆ ತಿರುಗುವುದೇ ಇಲ್ಲ. ಇಷ್ಟೆಲ್ಲ ಸರಿ ಇದ್ದೂ ಆಲಸ್ಯದಿಂದ ತಿರುಗಿದರೆ ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಬ್ರೇಕು ಹಿಡಿದುಕೊಂಡಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಈಗ ಬಿಸಿಗಾಳಿಯ ನಿಜವಾದ ಡ್ರೈಯರ್‌ಗೆ ಬರೋಣ.

ಹಿಂಡದೆ ಒಣಗಿಸಬೇಡಿ. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು ಮುಕ್ಕಾಲು ಯೂನಿಟ್ ಕರೆಂಟಿನ ಬಿಸಿ ಬೇಕೇ ಬೇಕು. ಇದು ಪ್ರಕೃತಿಯ ಲೆಕ್ಕ, ಯಾವ ಕಂಪನಿಯೂ ತಪ್ಪಿಸಲಾರದು. ನಾಲ್ಕು ಕಿಲೋ ಹತ್ತಿ ಬಟ್ಟೆ ನಿಧಾನದ ತಿರುಗಿನಲ್ಲಿ ಹಿಂಡಿದರೆ ಎರಡೂಮುಕ್ಕಾಲು ಲೀಟರಿನಷ್ಟು ನೀರು ಹಿಡಿದುಕೊಂಡಿರುತ್ತದೆ. ರಭಸದ ತಿರುಗಿನಲ್ಲಿ ಹಿಂಡಿದರೆ ಅರ್ಧ ಲೀಟರಾದರೂ ಕಡಿಮೆ. ಅಂದರೆ ಕಾಲು ಗಂಟೆಯಾದರೂ ಉಳಿಯಿತು. ಹಿಂಡುವ ಖರ್ಚು ಆವಿ ಮಾಡುವ ಖರ್ಚಿನ ಮುಂದೆ ಏನೇನೂ ಅಲ್ಲ.

ತುರುಕಬೇಡಿ. ಡ್ರಮ್ಮಿನಲ್ಲಿ ಬಟ್ಟೆ ಎದ್ದು ಬೀಳಬೇಕು. ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದರೆ ಸಾಕು. ಒಗೆಯುವುದು, ಒಣಗಿಸುವುದು ಎರಡೂ ಒಂದರಲ್ಲೇ ಇರುವ ಯಂತ್ರವಾದರೆ ಇನ್ನೂ ಎಚ್ಚರ. ಎಂಟು ಕಿಲೋ ಎಂದು ದೊಡ್ಡದಾಗಿ ಬರೆದಿರುವುದು ಒಗೆಯುವ ಲೆಕ್ಕ. ಒಣಗಿಸುವ ಲೆಕ್ಕ ಅದಕ್ಕಿಂತ ಬಹಳ ಕಡಿಮೆ, ಸಣ್ಣಕ್ಷರದಲ್ಲಿ ಇರುತ್ತದೆ. ಜಮಖಾನದ ಜೊತೆ ಮಗುವಿನ ಅಂಗಿ ಹಾಕಬೇಡಿ. ದಪ್ಪದ್ದು ದಪ್ಪದ್ದರ ಜೊತೆ, ತೆಳ್ಳನೆಯದು ತೆಳ್ಳನೆಯದರ ಜೊತೆ. ಹಾಸಿಗೆ ಹೊದಿಕೆ ಉಂಡೆ ಸುತ್ತಿಕೊಂಡರೆ ಒಳಗಿನದು ಒಣಗುವುದಿಲ್ಲ. ನಡುವೆ ಒಮ್ಮೆ ನಿಲ್ಲಿಸಿ, ಬಿಡಿಸಿ ಹಾಕಿ, ತಕ್ಷಣ ಮತ್ತೆ ಓಡಿಸಿ.

ಜುಂಗು ತೆಗೆಯಿರಿ. ಪ್ರತಿ ಸಲವೂ! ವಾರಕ್ಕೊಮ್ಮೆ ಅಲ್ಲ, ಪ್ರತಿ ಸಲ. ಗಾಳಿ ಆಡುವ ದಾರಿಯೇ ಆ ಜಾಲರಿ. ಅದು ಕಟ್ಟಿದರೆ ಬಿಸಿ ಒಳಗೇ ಉಳಿಯುತ್ತದೆ, ತೇವ ಹೊರಗೆ ಹೋಗುವುದಿಲ್ಲ. ಬಟ್ಟೆ ಮೆದುವಾಗಿಸುವ ದ್ರವ ಹಾಕುವವರ ಮನೆಯಲ್ಲಿ ಜಾಲರಿ ನೋಡಲು ಚೊಕ್ಕಟವಾಗಿದ್ದರೂ ಕಣ್ಣಿಗೆ ಕಾಣದ ಜಿಡ್ಡು ಕಟ್ಟಿರುತ್ತದೆ. ಪರೀಕ್ಷೆ ಸುಲಭ. ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸರಾಗವಾಗಿ ಇಳಿದರೆ ಸರಿ. ಮೇಲೇ ನಿಂತರೆ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು ತಗೊಂಡು ಉಜ್ಜಿ, ಪೂರ್ತಿ ಒಣಗಿಸಿ ಮತ್ತೆ ಹಾಕಿ.

ಹಬೆಗೆ ದಾರಿ ಕೊಡಿ. ಕೊಳವೆ ಇರುವ ಯಂತ್ರವಾದರೆ ಅದು ಎಷ್ಟು ಚಿಕ್ಕದಾಗಿ, ನೇರವಾಗಿ ಹೊರಗೆ ಹೋದರೆ ಅಷ್ಟು ಒಳ್ಳೆಯದು. ಗೋಡೆಗೆ ಒತ್ತಿ ಚಪ್ಪಟೆ ಮಾಡಬೇಡಿ. ಹೊರಗಿನ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿದೆಯೇ, ಕಣಜ ಮಣ್ಣು ಮೆತ್ತಿದೆಯೇ ನೋಡಿ. ಯಂತ್ರ ಓಡುವಾಗ ಹೊರಗೆ ಕೈ ಹಿಡಿದರೆ ಬೆಚ್ಚಗಿನ ಗಾಳಿ ರಭಸವಾಗಿ ಬಡಿಯಬೇಕು. ನಮ್ಮ ಮನೆಯಲ್ಲಿ ಎಳೆಮಗುವಿಗೆ ಶೀತವಾದೀತು ಎಂದು ಕೋಣೆಯ ಕಿಟಕಿಯನ್ನೂ ಮುಚ್ಚಿದ್ದೆವು. ಹಬೆ ಅಲ್ಲೇ ಸುತ್ತಿ ಮತ್ತೆ ಯಂತ್ರದೊಳಕ್ಕೇ ಹೋಗುತ್ತಿತ್ತು. ಹಸಿ ಗಾಳಿಯಿಂದ ಬಟ್ಟೆ ಒಣಗೀತೇ? ಕೊಳವೆ ಇಲ್ಲದೆ ನೀರನ್ನು ಡಬ್ಬಿಯಲ್ಲಿ ಹಿಡಿಯುವ ಯಂತ್ರವಾದರೆ ಪ್ರತಿ ಸಲ ಆ ಡಬ್ಬಿ ಚೆಲ್ಲಿ. ಅದರ ಕಂಡೆನ್ಸರ್ ಬಿಚ್ಚುವಂಥದ್ದಾದರೆ ಆಗಾಗ ತೆಗೆದು ತೊಳೆಯಿರಿ.

ಒಳಗಿನ ಪಟ್ಟಿ ಒರೆಸಿ. ತಾನಾಗಿ ನಿಲ್ಲುವ ಯಂತ್ರಗಳ ಡ್ರಮ್ಮಿನ ಬಳಿ ಎರಡು ಲೋಹದ ಪಟ್ಟಿ ಇರುತ್ತವೆ. ಹಸಿ ಬಟ್ಟೆ ತಗುಲಿದರೆ ಅವುಗಳ ನಡುವೆ ಸಣ್ಣ ಕರೆಂಟು ಹರಿಯುತ್ತದೆ. ಹರಿಯುವುದು ನಿಂತರೆ ಬಟ್ಟೆ ಒಣಗಿತು ಎಂದು ಯಂತ್ರ ತಿಳಿಯುತ್ತದೆ. ನಮ್ಮ ಕೊಳವೆ ಬಾವಿಯ ಗಡಸು ನೀರಿನ ಬಿಳಿ ಪೊರೆ ಆ ಪಟ್ಟಿಯ ಮೇಲೆ ಕೂತರೆ ಬಟ್ಟೆ ಹಸಿ ಇರುವಾಗಲೇ ಯಂತ್ರ ಮೋಸಹೋಗಿ ನಿಂತುಬಿಡುತ್ತದೆ. ವಿನಿಗರ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಆಯಿತು.

ವೋಲ್ಟೇಜ್ ನೋಡಿ. ಇದನ್ನು ಆ ಇಂಗ್ಲಿಷ್ ಪುಸ್ತಕವೂ ಸರಿಯಾಗಿ ಹೇಳುವುದಿಲ್ಲ, ಏಕೆಂದರೆ ಅದನ್ನು ಬರೆದವರು ಹಳ್ಳಿಯ ಲೈನಿನ ತುದಿಯ ಮನೆಯನ್ನು ಕಂಡವರಲ್ಲ. ನಮಗೆ ಬರಬೇಕಾದ್ದು 230 ವೋಲ್ಟ್. ಸಂಜೆ ಅದು 180ಕ್ಕೆ ಇಳಿಯಿತು ಎನ್ನಿ. 50 ಹೋಯಿತು, ಐದನೇ ಒಂದು ಭಾಗದಷ್ಟು ಬಿಸಿ ಕಡಿಮೆ ಎಂದುಕೊಳ್ಳುತ್ತೀರಿ. ಅಲ್ಲ! ಬಿಸಿಯ ಲೆಕ್ಕ ವೋಲ್ಟೇಜಿನ ವರ್ಗದ ಲೆಕ್ಕ. 2000 ವ್ಯಾಟಿನ ಹೀಟರ್ ಆಗ ಕೊಡುವುದು ಸುಮಾರು 1225 ವ್ಯಾಟ್ ಮಾತ್ರ. ರೂಪಾಯಿಗೆ ಆರಾಣೆ ಖೋತಾ! ಒಂದು ಗಂಟೆಯ ಕೆಲಸ ಒಂದು ಗಂಟೆ ನಲವತ್ತು ನಿಮಿಷಕ್ಕೆ ಹೋಗುತ್ತದೆ. ಊರಿನ ಪಂಪು, ಮಿಕ್ಸಿ, ಟಿವಿ ಎಲ್ಲ ಒಟ್ಟಿಗೆ ಓಡುವ ಹೊತ್ತು ಬಿಟ್ಟು ಮಧ್ಯಾಹ್ನ ಹಾಕಿ. 16 ಆಂಪಿಯರಿನ ದೊಡ್ಡ ಪ್ಲಗ್ಗಿಗೇ ಹಾಕಿ, ಅರ್ಥಿಂಗ್ ಇರಲಿ. ತೆಳ್ಳನೆ ವೈರಿನ ಎಕ್ಸ್ಟೆನ್ಷನ್ ಬೋರ್ಡು ಖಂಡಿತ ಬೇಡ.

ಇಷ್ಟೂ ನೋಡಿದ ಮೇಲೆ ಡ್ರಮ್ ತಿರುಗುತ್ತಿದೆ ಆದರೆ ಗಾಳಿ ಬಿಸಿಯೇ ಇಲ್ಲ ಎಂದಾದರೆ, ಮೊದಲು ಗುಂಡಿ ತಣ್ಣಗಿನ ಗಾಳಿಗೆ ತಿರುಗಿದೆಯೇ ನೋಡಿ. ಅಲ್ಲವಾದರೆ ಹೀಟರ್ ಅಥವಾ ಉಷ್ಣದ ಫ್ಯೂಸ್ ಹೋಗಿರಬಹುದು. ಅದಕ್ಕೆ ಕೈ ಹಾಕಬೇಡಿ. ತಿಳಿದವರನ್ನು ಕರೆಯಿರಿ. ಬಂದವನಿಗೆ ಒಂದು ಮಾತು ಹೇಳಿ: "ಫ್ಯೂಸ್ ಬದಲಾಯಿಸೋ ಮೊದಲು ಗಾಳಿ ದಾರಿ ಎಲ್ಲಿ ಕಟ್ಟಿದೆ ನೋಡಪ್ಪಾ." ಗಾಳಿ ಕಟ್ಟಿ ಅತಿಯಾಗಿ ಕಾದದ್ದಕ್ಕೇ ಫ್ಯೂಸ್ ಹೋಗಿದ್ದರೆ, ಹೊಸ ಫ್ಯೂಸೂ ನಾಲ್ಕು ದಿನದಲ್ಲಿ ಹೋಗುತ್ತದೆ.

ನಿದ್ದೆ ಕೆಡಿಸಿದ ಆ ಪುಟ

ಇಲ್ಲಿಯವರೆಗೆ ಹೇಳಿದ್ದು ಹಣದ ಮಾತು, ಹೊತ್ತಿನ ಮಾತು. ಹೋದರೆ ಹೋಯಿತು ಎನ್ನಬಹುದು. ಈಗ ಹೇಳುವುದು ಪ್ರಾಣದ ಮಾತು.

ಹುಡುಗ ಹೋದ ಮೇಲೆ ಹಟ ಹಿಡಿದು ಆ ಪುಸ್ತಕ ತೆಗೆದೆ. ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕೂರಿಸಿಕೊಂಡು ಸಾಲು ಸಾಲೂ ಕನ್ನಡದಲ್ಲಿ ಹೇಳಿಸಿದೆ. ಮೊದಲ ಪುಟಗಳಲ್ಲೇ ಎಚ್ಚರಿಕೆ ಇತ್ತು. ಎಣ್ಣೆ ಹಿಡಿದ ಬಟ್ಟೆಯನ್ನು ಬಿಸಿ ನೀರು, ಹೆಚ್ಚು ಸೋಪಿನಲ್ಲಿ ಚೆನ್ನಾಗಿ ಒಗೆಯದೆ ಹಾಕಬೇಡಿ, ಅಂಥ ಬಟ್ಟೆ ಬಿಸಿಯಲ್ಲಿ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು ಎಂದಿತ್ತು. ಯಂತ್ರವನ್ನು ಅರ್ಧದಲ್ಲಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಬಟ್ಟೆಯನ್ನು ಕೂಡಲೇ ಹೊರಗೆ ತೆಗೆದು ಹರವಿ ಎಂದಿತ್ತು. ಕೊನೆಯ ಕೆಲವು ನಿಮಿಷ ಯಂತ್ರ ಬಿಸಿ ಇಲ್ಲದೆ ತಿರುಗುವುದೇ ಬಟ್ಟೆ ತಣ್ಣಗಾಗಲಿ ಎಂದು.

ಬಂಧುಗಳೇ, ಬಾಣಂತಿ ಮನೆಯಲ್ಲಿ ಎಣ್ಣೆ ಹಿಡಿಯದ ಬಟ್ಟೆ ಯಾವುದಿದೆ? ದಿನಾ ಕೂಸಿಗೆ ಎಣ್ಣೆ ನೀವುತ್ತೇವೆ. ಬಾಣಂತಿಗೆ ಹರಳೆಣ್ಣೆ ಹಚ್ಚುತ್ತೇವೆ. ಆ ಬಟ್ಟೆಗಳನ್ನು ತಣ್ಣೀರಿನಲ್ಲಿ ಜಾಲಿಸಿ ಒಂದು ವಾರ ಆ ಯಂತ್ರಕ್ಕೆ ಹಾಕಿದ್ದೆವು. ಜಾಲರಿಯಲ್ಲಿ ಜುಂಗಿನ ಕಂಬಳಿ. ಬಟ್ಟೆ ಒಣಗದು ಎಂದು ಬೇಸತ್ತು ಅರ್ಧಕ್ಕೆ ನಿಲ್ಲಿಸಿ, ಬಿಸಿ ಬಟ್ಟೆಯನ್ನು ಒಳಗೇ ಗುಡ್ಡೆ ಬಿಟ್ಟು ಮಲಗಿದ್ದೆವು. ಗೋಡೆಯ ಆಚೆ ಮಗಳು, ಇಪ್ಪತ್ತು ದಿನದ ಕೂಸು! ಏನೂ ಆಗಲಿಲ್ಲ. ಲಕ್ಷ್ಮೀನರಸಿಂಹ ಕಾಪಾಡಿದ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಹೆದರಿಸುವ ಮಾತೆಂದುಕೊಳ್ಳಬೇಡಿ. 2016ರ ಆಗಸ್ಟ್‌ನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಒಂದು ಬಹುಮಹಡಿ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ದೋಷವಿದ್ದ ಡ್ರೈಯರೇ ಅದಕ್ಕೆ ಕಾರಣ ಎಂದು ಅಲ್ಲಿನ ಅಗ್ನಿಶಾಮಕ ದಳ ಹೇಳಿತು. ಬಿಸಿಯಾಗುವ ಭಾಗಕ್ಕೆ ಜುಂಗು ತಾಗಿ ಹೊತ್ತಿಕೊಳ್ಳಬಹುದಾದ ದೋಷಕ್ಕಾಗಿಯೇ 2019ರಲ್ಲಿ ಆ ದೇಶದಲ್ಲಿ ಲಕ್ಷಾಂತರ ಡ್ರೈಯರ್‌ಗಳನ್ನು ಮನೆಗಳಿಂದ ವಾಪಸು ಪಡೆಯಬೇಕಾಯಿತು. ತಮ್ಮದೇ ಭಾಷೆಯಲ್ಲಿ ಎಚ್ಚರಿಕೆ ಓದಬಲ್ಲ ಜನರ ಪಾಡೇ ಹೀಗಿದ್ದರೆ, ಓದಲಾಗದ ನಮ್ಮ ಗತಿ?

ಹಾಸನ ಜಿಲ್ಲೆಗಿಂತ ಚಿಕ್ಕ ದೇಶ!

"ಇಷ್ಟೊಂದು ಭಾಷೆಯಲ್ಲಿ ಅಚ್ಚು ಹಾಕಲು ಕಂಪನಿಗೆ ಆಗುತ್ತದೆಯೇ?" ಎಂದು ಕೇಳುವ ಜಾಣರು ನಮ್ಮಲ್ಲೇ ಇದ್ದಾರೆ. ಅವರಿಗೊಂದು ಲೆಕ್ಕ. ಯುರೋಪಿನಲ್ಲಿ ಎಸ್ಟೋನಿಯಾ ಎಂಬ ದೇಶ ಇದೆ. ಜನಸಂಖ್ಯೆ ಹದಿಮೂರು ಹದಿನಾಲ್ಕು ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯೊಂದರ ಜನಸಂಖ್ಯೆಯೇ 17 ಲಕ್ಷ 76 ಸಾವಿರ! ಆ ಪುಟ್ಟ ದೇಶದಲ್ಲಿ ಡ್ರೈಯರ್ ಮಾರಬೇಕಾದರೆ ಅಲ್ಲಿನವರಿಗೆ ತಿಳಿಯುವ ಭಾಷೆಯಲ್ಲಿ ಸೂಚನೆ, ಸುರಕ್ಷತೆಯ ಮಾಹಿತಿ ಕೊಡಲೇಬೇಕು. ಯುರೋಪಿನ 2014ರ ವಿದ್ಯುತ್ ಸಾಧನಗಳ ನಿಯಮ ಹಾಗೆ ಹೇಳುತ್ತದೆ. ಯಾವ ಭಾಷೆ ಎಂದು ನಿರ್ಧರಿಸುವ ಹಕ್ಕು ಆಯಾ ದೇಶದ್ದು.

ಕನ್ನಡ ತಾಯ್ನುಡಿಯವರು ಎಷ್ಟು ಮಂದಿ? ಅದೇ ಜನಗಣತಿಯಲ್ಲಿ 4 ಕೋಟಿ 37 ಲಕ್ಷ. ಹದಿಮೂರು ಲಕ್ಷ ಮಂದಿಗೆ ಸಿಗುವ ಮರ್ಯಾದೆ ನಾಲ್ಕು ಕೋಟಿಗೆ ಮೀರಿದವರಿಗೆ ಯಾಕಿಲ್ಲ? ಅಲ್ಲಿನವರು ಕೇಳಿದರು, ಸಿಕ್ಕಿತು. ನಾವು ಕೇಳಲಿಲ್ಲ!

ನಮ್ಮ ಕಾನೂನು ಏನು ಹೇಳುತ್ತದೆ ನೋಡಿ. 2011ರ ಪೊಟ್ಟಣ ಸಾಮಗ್ರಿಗಳ ಕೇಂದ್ರ ನಿಯಮದ ಪ್ರಕಾರ ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮು ಒಂದು ಒಳ್ಳೆಯ ಮಾತು ಹೇಳುತ್ತದೆ. ಹಾನಿ ತಪ್ಪಿಸಲು ಬೇಕಾದಷ್ಟು ಬಳಕೆಯ ಸೂಚನೆ, ಎಚ್ಚರಿಕೆ ಕೊಡದಿದ್ದರೆ ಆ ಹಾನಿಗೆ ತಯಾರಕನೇ ಹೊಣೆ. ಬಹಳ ಸಂತೋಷ. ಆದರೆ ಓದಲಾಗದ ಸೂಚನೆ "ಬೇಕಾದಷ್ಟು" ಆಗುವುದು ಹೇಗೆ ಸ್ವಾಮಿ? ಕಿವುಡನ ಮುಂದೆ ಗಂಟೆ ಬಾರಿಸಿ "ಎಚ್ಚರಿಸಿದ್ದೇನೆ" ಎಂದ ಹಾಗೆ!

ನಮ್ಮ ರಾಜ್ಯ ಸರ್ಕಾರ ಅರ್ಧ ದಾರಿ ನಡೆದಿದೆ, ಅದನ್ನು ಮೆಚ್ಚಬೇಕು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಆಧಾರದ ಮೇಲೆ 2025ರ ಫೆಬ್ರವರಿಯಲ್ಲಿ ಆದೇಶ ಬಂತು. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದಿತು. ಆದರೆ "ತಯಾರಾಗುವ" ಎಂಬ ಒಂದು ಪದ ನೋಡಿ. ಹೊರ ರಾಜ್ಯದಲ್ಲಿ ತಯಾರಾಗಿ ಇಲ್ಲಿಗೆ ಬಂದು ಮಾರಾಟವಾಗುವ ಯಂತ್ರ? ಹೊರ ದೇಶದಿಂದ ಬರುವ ಯಂತ್ರ? ಅವುಗಳ ಬೆಂಕಿ ಕನ್ನಡದವರನ್ನು ಸುಡುವುದಿಲ್ಲವೇ? ಆ ಪದ "ಮಾರಾಟವಾಗುವ" ಎಂದಾಗುವವರೆಗೆ ಈ ಕೆಲಸ ಮುಗಿಯುವುದಿಲ್ಲ.

ಈಚೆಗೆ ಇನ್ನೊಂದು ಸಬೂಬು ಶುರುವಾಗಿದೆ. "ಮೊಬೈಲಿನಲ್ಲಿ ವಿಡಿಯೋ ನೋಡಿಕೊಳ್ಳಿ" ಎನ್ನುತ್ತಾರೆ. ನೋಡೋಣ, ಬೇಡ ಎನ್ನುವುದಿಲ್ಲ. ಕನ್ನಡದ ಹುಡುಗರು ಚೆನ್ನಾಗಿ ಹೇಳಿಕೊಡುವ ವಿಡಿಯೋಗಳೂ ಇವೆ. ಆದರೆ ಎಣ್ಣೆ ಬಟ್ಟೆ ಅಪಾಯ ಎಂಬುದೇ ಗೊತ್ತಿಲ್ಲದವರು ಏನೆಂದು ಹುಡುಕಬೇಕು? ಎಚ್ಚರಿಕೆ ಯಂತ್ರದ ಜೊತೆಯಲ್ಲೇ ಮನೆಗೆ ಬರಬೇಕು. ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಕ್ಕರೆ ಅದು ಎಚ್ಚರಿಕೆಯೇ ಅಲ್ಲ.

ಕನ್ನಡದಲ್ಲಿ ಪದ ಇಲ್ಲವೇ?

"ಇಂಥ ತಾಂತ್ರಿಕ ವಿಷಯಕ್ಕೆ ಕನ್ನಡದಲ್ಲಿ ಪದ ಎಲ್ಲಿದೆ?" ಎಂಬ ಮೂದಲಿಕೆ ಹಳೆಯದು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು "ವಿಜ್ಞಾನ" ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದರು. ನೂರು ವರ್ಷದ ಹಿಂದೆ ಭೌತವಿಜ್ಞಾನವನ್ನೇ ಹೇಳಿದ ಭಾಷೆಗೆ ಇಂದು ಬಟ್ಟೆ ಒಣಗಿಸುವುದನ್ನು ಹೇಳಲು ಬಾರದೇ? ಮೇಲೆ ಬರೆದದ್ದನ್ನು ಮತ್ತೊಮ್ಮೆ ನೋಡಿ. ಜುಂಗು ಎಂದೆ. ತೆಂಗಿನ ಸೀಮೆಯ ಯಾವ ಮಗುವಿಗೆ ಜುಂಗು ಗೊತ್ತಿಲ್ಲ? ಹಬೆ ಎಂದೆ, ಜಾಲರಿ ಎಂದೆ, ಕೊಳವೆ ಎಂದೆ. ಹೀಟರ್, ಫ್ಯೂಸ್, ವೋಲ್ಟೇಜ್ ಎಂದಲ್ಲಿ ಹಾಗೇ ಬರೆದೆ, ಅವು ನಮ್ಮ ನಾಲಿಗೆಗೆ ಬಂದು ಎಷ್ಟೋ ಕಾಲವಾಯಿತು. ಸಂಸ್ಕೃತದ ಕಗ್ಗಂಟು ಪದ ಕಟ್ಟಿ ಹೆದರಿಸುವ ಕನ್ನಡ ನಮಗೆ ಬೇಡ. ನಮ್ಮ ಅಮ್ಮಂದಿರಿಗೆ ಅರ್ಥವಾಗುವ ಕನ್ನಡ ಬೇಕು.

ನಮ್ಮೂರಿನಿಂದ ಸ್ವಲ್ಪ ದೂರ ಹೋದರೆ ಹಳೇಬೀಡು, ಅಲ್ಲಿಂದಾಚೆ ಬೇಲೂರು. ಅಲ್ಲಿನ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಯಾವ ಲಿಪಿಯಲ್ಲಿ? ಕನ್ನಡದಲ್ಲಿ! ಎಂಟುನೂರು ವರ್ಷಕ್ಕೂ ಹಿಂದೆ ಮಾಡಿದವನು ತನ್ನ ಮಾಲಿನ ಮೇಲೆ ಈ ನೆಲದ ಅಕ್ಷರದಲ್ಲಿ ಬರೆದ. ಇಂದು ಅದೇ ನೆಲದಲ್ಲಿ ನಮ್ಮಿಂದ ಹಣ ಎಣಿಸಿಕೊಳ್ಳುವವನಿಗೆ ಒಂದು ಚೀಟಿ ಅಂಟಿಸಲು ಕೈ ಬರುವುದಿಲ್ಲ.

ನೀವು ಏನು ಮಾಡಬೇಕು?

ಘೋಷಣೆ ಕೂಗಿ ಮನೆಗೆ ಹೋದರೆ ಸಾಲದು. ಮುಂದಿನ ಸಲ ಯಾವ ಯಂತ್ರ ಕೊಂಡರೂ ಹಣ ಕೊಡುವ ಮೊದಲು ಅಂಗಡಿಯವರನ್ನು ಕೇಳಿ: "ಕನ್ನಡದ ಪುಸ್ತಕ ಎಲ್ಲಿ?" ಮರ್ಯಾದೆಯಿಂದ ಕೇಳಿ, ಅವರೂ ನಮ್ಮವರೇ. ಒಬ್ಬರು ಕೇಳಿದರೆ ನಗುತ್ತಾರೆ. ನೂರು ಮಂದಿ ಕೇಳಿದರೆ ಕಂಪನಿಗೆ ಬರೆಯುತ್ತಾರೆ. ಕಂಪನಿಗೆ ನೀವೂ ಕನ್ನಡದಲ್ಲೇ ಕಾಗದ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಿ. ನಿಮ್ಮ ಶಾಸಕರು ಊರಿಗೆ ಬಂದಾಗ ಹಾರ ಹಾಕುವ ಮೊದಲು "ತಯಾರಾಗುವ" ಎಂಬುದು "ಮಾರಾಟವಾಗುವ" ಎಂದು ಯಾವಾಗ ಆಗುತ್ತದೆ ಎಂದು ಕೇಳಿ.

ಐಟಿಐ ಓದಿದ ತಮ್ಮಂದಿರೇ, ನಿಮಗೊಂದು ಮಾತು. ನೀವು ರಿಪೇರಿಗೆ ಹೋದ ಮನೆಯಲ್ಲಿ ಎರಡು ನಿಮಿಷ ಹೆಚ್ಚು ನಿಂತು, ಗುಂಡಿಗಳ ಪಕ್ಕ ಕನ್ನಡದ ಚೀಟಿ ಅಂಟಿಸಿ ಬನ್ನಿ. ಆ ಮನೆಯವರು ನಿಮ್ಮನ್ನು ಮರೆಯುವುದಿಲ್ಲ.

ನಾನು ನಮ್ಮ ಮನೆಯ ಯಂತ್ರಕ್ಕೆ ಅಂಟಿಸಿದ ಚೀಟಿ ಹೀಗಿದೆ. ಕತ್ತರಿಸಿ ನಿಮ್ಮದಕ್ಕೂ ಅಂಟಿಸಿಕೊಳ್ಳಿ:

ಕಬರ್ಡ್ ಡ್ರೈ: ಪೂರ್ತಿ ಒಣ.
ಐರನ್ ಡ್ರೈ: ಇಸ್ತ್ರಿಗೆ ಹಸಿ.
ಡೆಲಿಕೇಟ್: ನಯ ಬಟ್ಟೆ, ಬಿಸಿ ಕಡಿಮೆ, ಹೊತ್ತು ಹೆಚ್ಚು.
ಚೆನ್ನಾಗಿ ಹಿಂಡಿ ಹಾಕಿ. ತುರುಕಬೇಡಿ.
ಜುಂಗಿನ ಜಾಲರಿ: ಪ್ರತಿ ಸಲ ತೆಗೆಯಿರಿ.
ಹಿಂದಿನ ಕೊಳವೆ ಮಡಿಸದಿರಲಿ, ಕಿಟಕಿ ತೆರೆದಿರಲಿ.
ಎಣ್ಣೆ ಬಟ್ಟೆ: ಬಿಸಿನೀರು, ಸೋಪಿನಲ್ಲಿ ಒಗೆಯದೆ ಹಾಕಲೇಬೇಡಿ.
ಅರ್ಧಕ್ಕೆ ನಿಲ್ಲಿಸಿದರೆ ಬಟ್ಟೆ ಕೂಡಲೇ ಹರವಿ.
ಮನೆಯಲ್ಲಿ ಯಾರೂ ಇಲ್ಲದಾಗ, ಎಲ್ಲರೂ ಮಲಗಿದಾಗ ಓಡಿಸಬೇಡಿ.
ಬಿಸಿಲಿದ್ದರೆ ಅಂಗಳದ ತಂತಿಯೇ ಸಾಕು!

ಹತ್ತು ಸಾಲು. ಒಂದು ಹಾಳೆಯ ಅರ್ಧವೂ ಇಲ್ಲ. ಸಾವಿರಾರು ರೂಪಾಯಿ ತೆಗೆದುಕೊಂಡವರಿಗೆ ಕೊಡಲಾಗದ್ದನ್ನು ಈ ಪತ್ರಿಕೆ ನಿಮಗೆ ಕೊಟ್ಟಿದೆ. ಈಗ ನಮ್ಮ ಮನೆಯಲ್ಲಿ ಬಟ್ಟೆ ಒಂದು ಗಂಟೆಯ ಆಚೀಚೆ ಒಣಗುತ್ತದೆ. ನಮ್ಮ ಮನೆಯವರು ಗುಂಡಿ ತಿರುಗಿಸುವಾಗ ಯಾರನ್ನೂ ಕೂಗುವುದಿಲ್ಲ. ಚೀಟಿ ಓದುತ್ತಾರೆ, ತಿರುಗಿಸುತ್ತಾರೆ, ಹೋಗುತ್ತಾರೆ. ಮನೆಯೊಳಗೆ ಕನ್ನಡ ಇರಬೇಕಾದ್ದು ಹೀಗೆಯೇ.

ನಗು ಬಂದಿದ್ದರೆ ಈಗ ನಕ್ಕುಬಿಡಿ. ಆದರೆ ಮೊದಲು ಎದ್ದು ಹೋಗಿ ನಿಮ್ಮ ಮನೆಯ ಯಂತ್ರದ ಜಾಲರಿ ನೋಡಿ ಬನ್ನಿ.